ಡಾರ್ನೆಲ್‌ನನ್ನು ಕೊಟ್ಟು ಟಕರ್‌ನನ್ನು ತಂದದ್ದು

ಬೇಸ್‌ಬಾಲ್ ತಂಡದ ಮ್ಯಾನೇಜರ್ ಹ್ಯಾಲರನ್ ಅವರೇ,

ತಂಡದ ಹುಡುಗರಿಗೆ ಕೋಣೆ ಕೊಡುವ ನಮ್ಮ ಮನೆಯಲ್ಲೇ ಎರಡು ಬೇಸಿಗೆ ಉಂಡು ಮಲಗಿದ ಬ್ಯಾಟುಗಾರ ಡಾರ್ನೆಲ್‌ನನ್ನು ಎದುರಾಳಿಗಳಿಗೆ ಕೊಟ್ಟು, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ಟಕರ್‌ನನ್ನು ಅದೇ ಕೋಣೆಗೆ ಕಳಿಸಿದಾಗ, ನಿಮಗೆ ತಲೆ ಕೆಟ್ಟಿದೆ ಎಂದು ಬರೆದಿದ್ದೆ. ಆ ಮಾತು ವಾಪಸ್!

ನಿನ್ನೆ ಕೊನೆಯ ಇನಿಂಗ್ಸ್‌ನಲ್ಲಿ ಅವರಿಬ್ಬರೂ ಎದುರುಬದುರಾದಾಗ ಜೀವ ಬಾಯಿಗೆ ಬಂದಿತ್ತು. ಡಾರ್ನೆಲ್ ಮೂರು ಸಲ ಬೀಸಿದ, ಮೂರೂ ಗಾಳಿಗೆ, ಔಟ್! ನಾವು ಫೈನಲ್‌ಗೆ! ನಾನು ಕುಣಿಯುತ್ತಿದ್ದರೆ ನನ್ನ ಗಂಡ, "ಲೇ, ಔಟಾದವನೂ ನಿನ್ನ ಹುಡುಗನೇ ಕಣೇ" ಎಂದರು.

ಈ ಅದಲುಬದಲಿನಲ್ಲಿ ಲಾಭ ನಮ್ಮದೇ. ಆದರೆ ಅರ್ಧ ಶ್ರೇಯ ನನ್ನದು. "ಕೆಳಗೆ ಬರೋ ನಿಧಾನದ ಚೆಂಡು ಕಂಡ್ರೆ ಡಾರ್ನೆಲ್ ಕೈ ಸುಮ್ನಿರಲ್ಲ, ಬೀಸಿ ತಪ್ತಾನೆ ಕಣಪ್ಪ" ಎಂದು ನಿನ್ನೆ ಬೆಳಿಗ್ಗೆ ಟಕರ್‌ಗೆ ಪ್ಯಾನ್‌ಕೇಕ್ ಬಡಿಸುತ್ತ ಹೇಳಿದವಳು ನಾನೇ.

ಭಾನುವಾರ ಡಾರ್ನೆಲ್ ಊಟಕ್ಕೆ ಬರುತ್ತಾನೆ. ಗುಟ್ಟು ಬಿಟ್ಟುಕೊಟ್ಟವರು ಯಾರೆಂದು ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ. ದಯವಿಟ್ಟು ಒಪ್ಪಿಕೊಂಡುಬಿಡಿ.

ಇತಿ,
ಲೊರೇನ್ ಪಿಟ್‌ಮನ್