ಇವಳಿಗೆ ಏನೂ ಬೇಡ

ಅಟ್ಟೂರು, ಯಲಹಂಕ
27 ಏಪ್ರಿಲ್ 2025, ಭಾನುವಾರ

ಪಟಾಲಕ್ಕನಿಗೆ ಗಂಗರತ್ನ ಮಾಡುವ ನಮಸ್ಕಾರ.

ನೀನು, ಭಾವ, ಮಗ ಸೊಸೆ ಮೊಮ್ಮಕ್ಕಳು ಎಲ್ಲ ಚೆನ್ನಾಗಿದೀರ ಅಂದ್ಕೊಂಡಿದೀನಿ. ಯುಗಾದಿಗೆ ಮುಂಚೆ ಲಕ್ಕಣ್ಣನ ಟೆಂಪೋದಲ್ಲಿ ನೀನು ರಾಜಾನುಕುಂಟೆಯಿಂದ ಕಳಿಸಿದ ಹುಣಸೆಹಣ್ಣು ಬಂತು. ಬೀಜ ಬಿಡಿಸಿ, ಉಪ್ಪು ಸೇರಿಸಿ, ಉಂಡೆ ಮಾಡಿ ಇಟ್ಟಿದೀನಿ. ಬಂತು ಅಂತ ಒಂದು ಮಾತು ತಿಳಿಸೋಕೆ ಇಷ್ಟು ದಿನ ಮಾಡಿದ್ದಕ್ಕೆ ಬೇಜಾರಾಗಬೇಡ. ಆಮೇಲೆ ನೀನು ಫೋನ್ ಮಾಡಿದಾಗಲೂ ನಾನು ಎತ್ತಲಿಲ್ಲ. ಬೇಕಂತಲೇ ಎತ್ತಲಿಲ್ಲ. ಎತ್ತಿದ್ರೆ ನೀನು ಸ್ಪೀಕರ್ ಹಾಕ್ತೀಯ, ನಿನ್ನ ಸೊಸೆಯಿಂದ ಹಿಡಿದು ಜಗಲಿ ಮೇಲೆ ಪೇಪರ್ ಓದ್ತಾ ಕೂತಿರೋರವರೆಗೂ ಎಲ್ಲರೂ ಕೇಳಿಸ್ಕೊತಾರೆ. ಅದಕ್ಕೆ ಕಾಗದ ಬರೀತಿದೀನಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ಇಷ್ಟುದ್ದ ಏನೂ ಬರೆದವಳಲ್ಲ. ಅಕ್ಷರ ಸೊಟ್ಟಗಿದ್ರೂ ಯಾರ ಕೈಲೂ ಓದಿಸ್ಬೇಡ, ನೀನೇ ನಿಧಾನಕ್ಕೆ ಓದ್ಕೊ.

ಸಿಟ್ಟಲ್ಲೇ ಬರೀತಿದೀನಿ ಅಕ್ಕ. ಇಳಿದ ಮೇಲೆ ಬರೆಯೋಣ ಅಂತ ಕಾದೆ. ಇಳೀಲಿಲ್ಲ.

ವೀಡಿಯೋ ವಿಷಯ ನಿನಗೆ ಗೊತ್ತೇ ಇದೆ, ಆದ್ರೂ ಮೊದಲಿಂದ ಹೇಳ್ತೀನಿ. ನಮ್ಮ ರಮ್ಯ ಹೆಬ್ಬಾಳದ ಕನ್ನಡಕದ ಅಂಗಡಿಗೆ ಬಿಲ್ ಹಾಕೋಕೆ ಹೋಗ್ತಾಳಲ್ಲ, ಮನೆಗೆ ಬಂದ ಮೇಲೆ ಅವಳಿಗೆ ಮೊಬೈಲಲ್ಲಿ ವೀಡಿಯೋ ಮಾಡೋ ಹುಚ್ಚು. ಫೆಬ್ರವರಿಯಲ್ಲಿ ಒಂದು ಭಾನುವಾರ, ಅಮ್ಮ, ನೀನು ನಿನ್ನ ಪಾಡಿಗೆ ಕೆಲಸ ಮಾಡ್ತಿರು, ನಾನು ಸುಮ್ನೆ ತೆಗೀತೀನಿ ಅಂದ್ಳು. ನಾನೂ ಮಗು ಆಸೆ ಅಂತ ಸುಮ್ಮನಾದೆ. ಏನು ತೆಗೆದ್ಳು ಗೊತ್ತಾ? ಹಾಲಿನ ಕವರ್ ಕತ್ತರಿಸಿ, ಒಳಗೆ ನೀರು ಹಾಕಿ ಕುಲುಕಿ, ಆ ನೀರನ್ನ ಟೀಗೆ ಸುರಿಯೋದು. ಪೇಸ್ಟಿನ ಟ್ಯೂಬ್ ಸೀಳಿ ಬೆರಳಲ್ಲಿ ಬಳಿಯೋದು. ಅನ್ನ ಅರ್ಧ ಬೆಂದಾಗಲೇ ಗ್ಯಾಸ್ ಆರಿಸಿ, ಪಾತ್ರೆನ ಹಳೇ ರಗ್ಗಲ್ಲಿ ಸುತ್ತಿಡೋದು. ತಾರಸಿ ಮೇಲೆ ಕಪ್ಪು ಕ್ಯಾನಲ್ಲಿ ನೀರಿಟ್ಟು ಬಿಸಿಲಿಗೆ ಕಾಯಿಸೋದು. ಕತ್ತಲಾದ ಮೇಲೆ ಸಂತೆಗೆ ಹೋಗಿ, ಗಾಡಿ ಕಟ್ಟೋ ಹೊತ್ತಲ್ಲಿ ಗುಡ್ಡೆ ತರಕಾರಿ ತರೋದು. ಹಳೇ ಲಂಗ ಹರಿದು ಕಾಲೊರೆಸು ಹೆಣೆಯೋದು. ಇದನ್ನೆಲ್ಲ ನಾನು ಬಾಗಿಲು ಹಾಕ್ಕೊಂಡು ಮಾಡ್ತಿದ್ದೋಳು. ನೆಂಟರು ಬಂದಾಗ ಆ ರಗ್ಗನ್ನ ಮಂಚದ ಕೆಳಗೆ ತಳ್ತಿದ್ದೆ. ಅದನ್ನ ತಂದು ಊರ ಮುಂದೆ ಹರವಿದ್ಳು.

ಕೊನೆಯಲ್ಲಿ ಇವರು ಬರ್ತಾರೆ. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ತಲೆ ಬಾಚ್ಕೊಂಡು, ಸೋಫಾ ಮೇಲೆ ಕೂತು ನಗ್ತಾ ಹೇಳ್ತಾರೆ: "ನಮ್ಮನೆಯವಳು ಇವತ್ತಿನವರೆಗೂ ಒಂದು ಸೀರೆ ಬೇಕು ಅಂತ ಕೇಳಿದವಳಲ್ಲ. ಆಸೆ ಅನ್ನೋದೇ ಇಲ್ಲ. ಇವಳಿಗೆ ಏನೂ ಬೇಡ."

ಆವಾಗ ನಾನು ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ತಿಕ್ತಿದ್ದೆ. ಅವರು ಹಿಂಗಂದಿದ್ದು ನನಗೆ ಗೊತ್ತಾಗಿದ್ದೂ ವೀಡಿಯೋ ನೋಡಿದಾಗಲೇ.

ನಮ್ಮನೆಯವರ ಬಗ್ಗೆ ನಿನ್ನ ಹತ್ರ ಯಾವತ್ತೂ ದೂರು ಹೇಳಿಲ್ಲ. ಕುಡಿಯಲ್ಲ, ಹೊಡೆಯಲ್ಲ. ಕುಡಿಯೋರಾಗಿದ್ರೆ ಬೈಯೋಕಾದ್ರೂ ಸುಲಭ ಆಗ್ತಿತ್ತು. ಯಶವಂತಪುರದ ಲಾರಿ ಆಫೀಸಲ್ಲಿ ಬುಕಿಂಗ್ ಗುಮಾಸ್ತನ ಸಂಬಳ ಎಷ್ಟು ಅಂತ ನಿನಗೂ ಗೊತ್ತು. ಆ ಸಂಬಳದಲ್ಲೇ ಆಫೀಸಿನ ಎದುರು ಹೋಟೆಲಲ್ಲಿ ದಿನಾ ಇಡ್ಲಿ ವಡೆ ಕಾಫಿ ಆಗಬೇಕು, ಯಾಕಂದ್ರೆ ಜೊತೆಯೋರು ಹೋಗ್ತಾರೆ. ಅವರ ಕಡೆ ಮದುವೆ ಅಂದ್ರೆ ಬೆಳ್ಳಿ ಲೋಟಾನೇ ಕೊಡಬೇಕು, ಯಾಕಂದ್ರೆ ಮರ್ಯಾದೆ. ಮಿಕ್ಕಿದ್ದನ್ನ ನನ್ನ ಕೈಗಿಟ್ಟು, ನಡೆಸ್ಕೊಂಡು ಹೋಗು ಅಂತಾರೆ. ನಡೆಸಿದೆ. ಇವರ ತಟ್ಟೆಗೆ ಗಟ್ಟಿ ಮೊಸರು, ನನ್ನ ತಟ್ಟೆಗೆ ಮಜ್ಜಿಗೆ ನೀರು. ನನಗೆ ಮೊಸರು ಸೇರಲ್ಲ ಅಂತ ಅವರು ನಿಜವಾಗಲೂ ನಂಬಿದಾರೆ ಅಕ್ಕ.

ವೀಡಿಯೋನ ಲಕ್ಷಾಂತರ ಜನ ನೋಡಿದ್ರಂತೆ. ರಮ್ಯ ಕುಣಿದಾಡಿದ್ಳು. ಆಫೀಸಲ್ಲಿ ಇವರಿಗೆ ಎಲ್ಲರೂ ಕೈ ಕುಲುಕಿದ್ರಂತೆ. ಸೊಪ್ಪಿನಂಗಡಿಯವನು ನನ್ನ ಗುರುತು ಹಿಡಿದು, ನೀವೇ ಅಲ್ವಾ ಅಮ್ಮ ಅಂತ ನಕ್ಕ. ಅವತ್ತಿಂದ ಅವನ ಹತ್ರ ಚೌಕಾಸಿ ಮಾಡೋಕೆ ನಾಚಿಕೆಯಾಗಿ, ಅವನು ಕೇಳಿದಷ್ಟು ಕೊಟ್ಟು ಬರ್ತೀನಿ.

ಕೆಳಗಡೆ ಮನೆಯಲ್ಲಿ ಬ್ಲೌಸ್ ಹೊಲೆಯೋ ರುಖ್ಸಾರ್ ಗೊತ್ತಲ್ಲ ನಿನಗೆ. ಮಧ್ಯಾಹ್ನ ಕೆಲಸ ಮುಗಿಸಿ ನಾವಿಬ್ಬರೂ ಒಂದು ಟೀ ಮಾಡಿ ಎರಡು ಲೋಟಕ್ಕೆ ಹಾಕ್ಕೊಳ್ತಿದ್ವಿ. ಫೆಬ್ರವರಿ ಕೊನೆಗೆ ಒಂದಿನ ಬಂದ್ಳು, ನಾನು ಕೊಟ್ಟಿದ್ದ ಬಟ್ಟಲು ವಾಪಸ್ ಕೊಟ್ಟು ಬಾಗಿಲಲ್ಲೇ ನಿಂತ್ಳು, ಒಳಗೆ ಬಂದು ಕೂರಲಿಲ್ಲ. ಏನಾಯ್ತೇ ಅಂದೆ. ಅವಳ ಮಗಳು ಮಲ್ಕಾ ನ್ಯೂ ಟೌನಿನ ಅಪಾರ್ಟ್‌ಮೆಂಟಲ್ಲಿ ಮನೆಕೆಲಸಕ್ಕೆ ಹೋಗ್ತಾಳೆ. ಸಂಬಳ ಸ್ವಲ್ಪ ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕೆ ಆ ಮನೆಯಾಕೆ ಮೊಬೈಲ್ ತೆಗೆದು ನನ್ನ ವೀಡಿಯೋ ತೋರಿಸಿದ್ರಂತೆ. ನೋಡು, ಈಯಮ್ಮ ಇಷ್ಟರಲ್ಲೇ ಎಷ್ಟು ಅಚ್ಚುಕಟ್ಟಾಗಿ ಸಂಸಾರ ಮಾಡ್ತಾರೆ, ಬುದ್ಧಿ ಇರಬೇಕು ಅಷ್ಟೇ, ಅಂದ್ರಂತೆ.

"ನಿಮ್ದೇನೂ ತಪ್ಪಿಲ್ಲ ಅಕ್ಕಾ" ಅಂದ್ಳು ರುಖ್ಸಾರ್. ಅಂದು ಕೆಳಗಿಳಿದು ಹೋದ್ಳು. ಮಾರನೇ ದಿನದಿಂದ ಟೀಗೆ ಬರಲಿಲ್ಲ.

ಅದೇ ಅಪಾರ್ಟ್‌ಮೆಂಟಿಂದ ಫೋನ್ ಬಂತು. ಮಹಿಳಾ ದಿನಾಚರಣೆಗೆ ನನಗೆ ಸನ್ಮಾನ ಮಾಡ್ತಾರಂತೆ. ನಾನು ಬರಲ್ಲ ಅಂತಲೇ ಹೇಳೋಳಿದ್ದೆ. ಆಮೇಲೆ ಯೋಚನೆ ಮಾಡಿದೆ: ಹೋಗಬೇಕು, ಹೋಗಿ ಎಲ್ಲರ ಎದುರಿಗೆ ಹೇಳಬೇಕು. ಹೊರಡೋ ದಿನ ನನ್ನ ಮದುವೆ ರೇಷ್ಮೆ ಸೀರೆ ತೆಗೆದೆ, ಜರಿ ಸ್ವಲ್ಪ ಕಪ್ಪಾಗಿದ್ರೂ ಇರೋದು ಅದೊಂದೇ ಒಳ್ಳೇದು. ರಮ್ಯ ಬೇಡ ಅಂದ್ಳು. ವೀಡಿಯೋದಲ್ಲಿ ಉಟ್ಟಿದ್ದ ಹಳೇ ಕಾಟನ್ನೇ ಉಟ್ಕೊ ಅಮ್ಮ, ಜನಕ್ಕೆ ಅದೇ ಇಷ್ಟ ಅಂದ್ಳು. ಇವರೂ ಹೌದು ಅಂದ್ರು. ನನ್ನ ಸನ್ಮಾನಕ್ಕೂ ನನಗೆ ಒಳ್ಳೇ ಸೀರೆ ಇಲ್ಲ ಅಂತಾಯ್ತು. ಅದನ್ನೇ ಉಟ್ಟು ಹೋದೆ.

ಅಪಾರ್ಟ್‌ಮೆಂಟಿನ ಏಸಿ ಹಾಲ್. ಮೇಜಿನ ಮೇಲೆ ಅರ್ಧ ಕಚ್ಚಿಟ್ಟ ಸಮೋಸಗಳು. ಅಲ್ಲಿನ ಸಂಘದ ಅಧ್ಯಕ್ಷೆ ನಾನು ಮಾಡೋ ಬಸ್ಸಾರಿಗೆ ಝೀರೋ ವೇಸ್ಟ್ ಅಂದ್ರು. ಸೊಪ್ಪು ಬೇಯಿಸಿದ ನೀರಲ್ಲಿ ಸಾರು ಮಾಡೋದು ನಮ್ಮ ಕಡೆ ಊಟ, ಅದಕ್ಕೊಂದು ಇಂಗ್ಲಿಷ್ ಹೆಸರು. ಇವರು ಮೊದಲನೇ ಸಾಲಲ್ಲಿ ಕೂತು ತಲೆ ಆಡಿಸ್ತಿದ್ರು. ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು, ಎರಡು ಮಾತಾಡಿ ಅಂತ ಮೈಕ್ ಕೊಟ್ರು. ಮನೆಯಲ್ಲಿ ಎಷ್ಟೊಂದು ಮಾತು ಜೋಡಿಸ್ಕೊಂಡಿದ್ದೆ, ಎಲ್ಲ ಹೋಯ್ತು. ಇಷ್ಟೇ ಹೇಳಿದ್ದು:

"ಹಾಲಿನ ಕವರ್ ತೊಳೆಯೋದು ನನಗಿಷ್ಟ ಅಂತ ಅಲ್ಲ. ಹಾಲು ಸಾಲಲ್ಲ, ಅದಕ್ಕೆ ತೊಳೀತೀನಿ. ದುಡ್ಡಿದ್ರೆ ನಾನೂ ನಿಮ್ಮ ಥರ ಬಿಸಾಕ್ತೀನಿ. ನನ್ನನ್ನ ತೋರಿಸಿ ನಿಮ್ಮ ಮನೆ ಕೆಲಸದವರ ಸಂಬಳ ಹಿಡೀಬೇಡಿ."

ಬೈತಾರೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿರ್ತಿತ್ತು. ಅಧ್ಯಕ್ಷೆ ಎದ್ದು ನನ್ನ ಹೆಗಲು ಬಳಸಿ, ಎಷ್ಟು ಮುಗ್ಧ ಮನಸ್ಸು ನೋಡಿ ಅಂದ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು. ಒಬ್ಬಾಕೆ ಕಣ್ಣೊರೆಸ್ಕೊಂಡ್ರು. ನಮ್ಮನೆಯವರೂ ಚಪ್ಪಾಳೆ ಹೊಡೆದ್ರು. ನಾನು ಹೇಳಿದ್ದು ಒಬ್ಬರಿಗೂ ತಗಲಲಿಲ್ಲ. ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಇವರು ಹಣ್ಣಿನ ಬುಟ್ಟಿ ತೊಡೆ ಮೇಲಿಟ್ಕೊಂಡು, ಚೆನ್ನಾಗೇ ಮಾತಾಡಿದೆ, ಕೊನೇ ಮಾತೊಂದು ಬೇಕಿರಲಿಲ್ಲ ಅಂದ್ರು. ನಾನು ಕೇಳಿದೆ, ಇವಳಿಗೆ ಏನೂ ಬೇಡ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ಅವರು ನಿಜವಾಗಲೂ ಆಶ್ಚರ್ಯದಿಂದ ನನ್ನ ಮುಖ ನೋಡಿದ್ರು. "ನೀನು ಯಾವತ್ತು ಏನು ಕೇಳಿದೀಯ ಗಂಗಾ?"

ಅಟ್ಟೂರು ಬರೋವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ದೆ.

ಏಪ್ರಿಲ್ ಶುರುವಲ್ಲಿ ಸಂಬಳ ಬಂದಾಗ ಅದನ್ನ ನನ್ನ ಕೈಗಿಡೋಕೆ ಬಂದ್ರು. ನಾನು ತಗೊಳ್ಳಲಿಲ್ಲ. ಈ ತಿಂಗಳು ನೀವೇ ನಡೆಸಿ, ನೀವು ತಂದು ಹಾಕಿದ್ದನ್ನ ಬೇಯಿಸ್ತೀನಿ, ಅಷ್ಟೇ ನನ್ನ ಕೆಲಸ ಅಂದೆ. ನಕ್ಕುಬಿಟ್ರು. ಇದೇನು ದೊಡ್ಡ ವಿಷಯ ಅಂದ್ರು. ಮೊದಲ ವಾರ ಮನೆ ಮದುವೆಮನೆ ಥರ ಇತ್ತು. ಬಾದಾಮಿ ಮಾವಿನಹಣ್ಣು, ಸಣ್ಣಕ್ಕಿ, ಭಾನುವಾರ ಕೋಳಿ. ನಾನೂ ಹೊಟ್ಟೆ ತುಂಬ ತಿಂದೆ ಅಕ್ಕ, ಸುಳ್ಳು ಯಾಕೆ. ಗಟ್ಟಿ ಮೊಸರು ಹಾಕ್ಕೊಂಡು ಅನ್ನ ಕಲಸಿದೆ. ಇವರು ನನ್ನ ತಟ್ಟೆ ನೋಡಿ, ನಿನಗೆ ಸೇರಲ್ವಲ್ಲ ಅಂದ್ರು. ಸೇರುತ್ತೆ ಅಂದೆ. ತಲೆ ತಗ್ಗಿಸಿ ಊಟ ಮಾಡಿದ್ರು.

ಅರ್ಧ ತಿಂಗಳಿಗೆ ಗ್ಯಾಸ್ ಮುಗೀತು. ಅದರ ಹಿಂದೆಯೇ ಕರೆಂಟ್ ಬಿಲ್ ಬಂತು. ಬಾಡಿಗೆ ದುಡ್ಡಿಗೆ ಕೈ ಹಾಕಿದ್ರು. ಆಮೇಲೆ ಆಫೀಸಲ್ಲಿ ಅಡ್ವಾನ್ಸ್ ಕೇಳೋಕೆ ಹೋಗಿ ಸಾಹುಕಾರನ ಹತ್ರ ಮಾತು ಕೇಳಿ ಬಂದ್ರು. ಅವತ್ತು ಸಾಯಂಕಾಲ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ್ರು. ಮದುವೆಯಾದಾಗಿಂದ ಇವರು ಆ ಬಾಗಿಲಲ್ಲಿ ಹಂಗೆ ನಿಂತಿದ್ದು ನಾನು ನೋಡಿಲ್ಲ.

"ಗಂಗಾ, ನೀನು ಹೆಂಗ್ ಮಾಡ್ತಿದ್ದೆ?"

"ವೀಡಿಯೋ ಇದೆಯಲ್ಲ, ನೋಡಿ" ಅಂದೆ.

ಅವರು ಹೋಗಿ ಸೋಫಾ ಮೇಲೆ ಕೂತ್ರು. ಅಲ್ಲೇ ಬಟ್ಟೆ ಮಡಚ್ತಿದ್ದ ರಮ್ಯ ನನ್ನ ಮುಖ ನೋಡಿದ್ಳು, ಅವಳಪ್ಪನ ಮುಖ ನೋಡಿದ್ಳು. ಮಾರನೇ ದಿನ ಕೆಲಸಕ್ಕೆ ಹೋಗೋ ಮುಂಚೆ ಬಂದು, ವೀಡಿಯೋ ಡಿಲೀಟ್ ಮಾಡಿಬಿಟ್ಟೆ ಅಮ್ಮ ಅಂದ್ಳು. ನಾನು ಮಾರ್ಚಿಂದ ತೆಗಿ ತೆಗಿ ಅಂತ ಜಗಳ ಆಡಿದಾಗ ತೆಗೆದಿರಲಿಲ್ಲ. ನಿನಗೆ ಗೌರವ ಬರುತ್ತೆ ಅಂತ ಮಾಡಿದ್ದು ಅಂತಿದ್ಳು. ಅದೂ ನಿಜವೇ ಇರಬಹುದು. ಆದ್ರೆ ಆ ವೀಡಿಯೋನ ಬೇರೆಯವರು ಎಷ್ಟು ಕಡೆ ಹಾಕ್ಕೊಂಡಿದಾರೋ. ಅದನ್ನ ಯಾರು ತೆಗೀತಾರೆ?

ಮೊನ್ನೆಯಿಂದ ಇವರು ಬೆಳಿಗ್ಗೆ ಹೋಟೆಲ್ ಬಿಟ್ಟು ಡಬ್ಬಿ ತಗೊಂಡು ಹೋಗ್ತಿದಾರೆ. ಪಾಪ ಅನ್ನಿಸ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಅನ್ನಿಸಲಿಲ್ಲ. ಮುಂದಿನ ತಿಂಗಳೂ ನಾನು ದುಡ್ಡು ಮುಟ್ಟಲ್ಲ ಅಂತ ಹೇಳಿಬಿಟ್ಟಿದೀನಿ. ಬೇಕಿದ್ರೆ ಮೂರು ಜನವೂ ಒಟ್ಟಿಗೆ ಕೂತು ಯೋಚನೆ ಮಾಡೋಣ, ಉಳಿಸೋದಿದ್ರೆ ಮೂರು ತಟ್ಟೆಯಿಂದಲೂ ಉಳಿಸೋಣ ಅಂದೆ. ಇವರು ಹ್ಞೂಂ ಅಂದಿದಾರೆ. ನೋಡೋಣ.

ಮಲ್ಕಾ ಆ ಮನೆ ಬಿಟ್ಟು ಇನ್ನೊಂದು ಕಡೆ ಸೇರಿದಾಳೆ, ಸ್ವಲ್ಪ ಜಾಸ್ತಿ ಕೊಡ್ತಾರಂತೆ. ಸನ್ಮಾನದ ದಿನ ನಾನು ಏನು ಹೇಳಿದೆ ಅಂತ ಅವಳಿಗೆ ಯಾರೋ ಹೇಳಿದಾರೆ. ನಿನ್ನೆ ರುಖ್ಸಾರ್ ಮೇಲೆ ಬಂದು, ಒಳಗೆ ಕೂತು, ಟೀ ಇಡಿ ಅಕ್ಕಾ ಅಂದ್ಳು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಂಡಿ ನೋವಿಗೆ ಎಣ್ಣೆ ಹಚ್ಚೋದು ಬಿಡಬೇಡ. ಮೊಮ್ಮಕ್ಕಳು ಚೆನ್ನಾಗಿ ಓದಿ, ಕೈಕಾಲು ಗಟ್ಟಿಯಾಗಿ ಬೆಳೀಲಿ. ನಿನಗೆ ಆ ದೇವರು ಆರೋಗ್ಯ ಕೊಡಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಗಂಗರತ್ನ

ಕಾಗದ ಮಡಚೋ ಮುಂಚೆ ಇನ್ನೊಂದು ಮಾತು. ಇದನ್ನ ಬರೆಯಲ್ಲ ಅಂದ್ಕೊಂಡಿದ್ದೆ.

ಆ ವೀಡಿಯೋ ಕೆಳಗೆ ಜನ ಬರೆದಿದ್ದನ್ನೆಲ್ಲ ರಮ್ಯ ನನಗೆ ಓದಿ ಹೇಳ್ತಿದ್ಳು. ಒಂದಿನ, ಅಮ್ಮ, ದೊಡ್ಡಮ್ಮನೂ ಬರೆದಿದಾರೆ ನೋಡು ಅಂತ ಮೊಬೈಲ್ ಕೈಗೆ ಕೊಟ್ಳು. "ಇವ್ಳು ನನ್ನ ತಂಗಿ. ಚಿಕ್ಕೋಳಿದ್ದಾಗ್ನಿಂದ್ಲೂ ಇಂಗೇ. ಯಾರತ್ರಾನೂ ಏನೂ ಕೇಳ್ದೋಳಲ್ಲ."

ಕೇಳಿದ್ದೆ ಅಕ್ಕ.

ರಮ್ಯ ಹೊಟ್ಟೆಯಲ್ಲಿದ್ದಾಗ, ದಿನ ತುಂಬಿಕೊಂಡು ಬಂದಾಗ, ಬಸ್ಸಲ್ಲಿ ನಿನ್ನ ಮನೆಗೆ ಬಂದಿದ್ದೆ. ಅಮ್ಮ ಹೋಗಿ ವರ್ಷ ಆಗಿತ್ತು. ನೀನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ. ನಾನು ಕಲ್ಲಿನ ಪಕ್ಕ ನಿಂತು ಕೇಳಿದೆ: ಬಾಣಂತನಕ್ಕೆ ನನ್ನ ಕರ್ಕೊ ಅಕ್ಕ, ನನಗೆ ಬೇರೆ ಯಾರೂ ಇಲ್ಲ. ನೀನು, ನಿಮ್ಮ ಭಾವನ್ನ ಕೇಳಿ ಹೇಳ್ತೀನಿ ಅಂದೆ. ಕಾಫಿ ಕೊಟ್ಟೆ, ಮಡಿಲಿಗೆ ತೆಂಗಿನಕಾಯಿ ಹಾಕಿದೆ, ಬಸ್ ಹತ್ತಿಸಿದೆ. ಇವತ್ತಿನವರೆಗೂ ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದು, ಕಿವಿಗೆ ಹತ್ತಿ ಇಟ್ಕೊಂಡು, ತಲೆಗೆ ಬಟ್ಟೆ ಕಟ್ಕೊಂಡು, ಒಲೆ ಮುಂದೆ ನಿಂತೆ. ಮಗೂಗೆ ನಾನೇ ಎರೆದೆ. ನನಗೆ ಎರೆಯೋರು ಇರಲಿಲ್ಲ. ಇವರು ಕೆಲಸಕ್ಕೆ ಹೋದ ಮೇಲೆ ಬಾಗಿಲ ಹತ್ರ ಸ್ಕೂಟರ್ ಶಬ್ದ ಆದಾಗೆಲ್ಲ, ನಿನ್ನ ಕಡೆಯಿಂದ ಯಾರೋ ಬಂದ್ರು ಅಂದ್ಕೊಂಡು ಎದ್ದು ನೋಡ್ತಿದ್ದೆ.

ಬಸ್ಸಲ್ಲಿ ಇವರು, ನೀನು ಯಾವತ್ತು ಏನು ಕೇಳಿದೀಯ ಅಂದಾಗ ನನಗೆ ನೆನಪಾಗಿದ್ದು ನೀನು. ನಾನು ಕೇಳಿದ್ದು ಅದೊಂದೇ. ಆಮೇಲೆ ಯಾರನ್ನೂ ಏನನ್ನೂ ಕೇಳಬೇಕು ಅನ್ನಿಸಲಿಲ್ಲ.

ವೀಡಿಯೋ ಹೋಯ್ತು, ನೀನು ಬರೆದಿದ್ದೂ ಅದರ ಜೊತೆಗೆ ಹೋಯ್ತು. ನಾನು ಓದಿದ್ದು ಹೋಗ್ತಿಲ್ಲ. ಮರೆತಿದ್ರೆ ಮರೆತೆ ಅಂತ ಒಂದು ಸಾಲು ಬರಿ, ತಡ್ಕೊತೀನಿ. ನೆನಪಿದ್ದೂ ಹಂಗೆ ಬರೆದಿದ್ರೆ, ಈ ಕಾಗದಕ್ಕೆ ಉತ್ತರ ಬೇಡ.