ಇಬ್ಬರೋ ಮೂವರೋ

ಕೆಳಗಿನ ಮನೆ, ಅಡುಗೆಮನೆಯ ಕಿಟಕಿ ಪಕ್ಕ
೧೭ನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಮೊಣಕಾಲು ಮಡಿಸಿ ಎತ್ತಬೇಕಂತೆ, ಸೊಂಟ ಬಗ್ಗಿಸಬಾರದಂತೆ. ಇದು ಅಮ್ಮ ಹೇಳಿ ಬರೆಸಿದ್ದು. ಅಮ್ಮ ಚೆನ್ನಾಗಿದ್ದಾಳೆ, ಬಲಗೈ ಮಣಿಕಟ್ಟೊಂದು ಬಿಟ್ಟರೆ. ನಾನೂ ಚೆನ್ನಾಗಿದ್ದೇನೆ, ತಲೆಯೊಂದು ಬಿಟ್ಟರೆ. ಅದು ಯಾಕೆ ಕೆಟ್ಟಿದೆ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಕಾಗದಕ್ಕೆ ಹೆಬ್ಬೆರಳು ತೋರಿಸಲು ಬರುವುದಿಲ್ಲ, ಪೂರ್ತಿ ಓದು.

ನಗರಸಭೆಯವರು ಹೊಸ ನಿಯಮ ತಂದಿದ್ದಾರೆ. ಬಾಡಿಗೆಗೆ ಕೊಟ್ಟ ಪ್ರತಿ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಮಾಲೀಕ ಬೇರೆ ಬರೆದು ಕೊಡಬೇಕು, ಬಾಡಿಗೆಗಿರುವವರು ಬೇರೆ ಬರೆದು ಕೊಡಬೇಕು. ಕೂತು ಮಾತಾಡಿಕೊಂಡು ಒಟ್ಟಿಗೆ ಬರೆಯುವ ಹಾಗಿಲ್ಲ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದಂತೆ. ನಾವೇನು ಪರೀಕ್ಷೆಗೆ ಕೂತಿದ್ದೇವೆಯೇ? ಪರೀಕ್ಷೆ ಬೇಡವೆಂದೇ ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟದ್ದು. ನಮ್ಮ ಬೀಗದಂಗಡಿಗೆ ಬರುವವರೆಲ್ಲರದ್ದೂ ಈಗ ಇದೇ ಗೋಳು. ಒಬ್ಬ ಮಾಲೀಕನಂತೂ ತನ್ನ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ತಿಳಿಯಲು, ಅವರು ಎಷ್ಟು ಕೀ ಮಾಡಿಸಿಕೊಂಡರು ಎಂದು ನನ್ನನ್ನು ಕೇಳಿಕೊಂಡು ಬಂದಿದ್ದ. ನಾನು ಹೇಳಲಿಲ್ಲ. ಬಾಗಿಲು ತಟ್ಟಿ ಅವರನ್ನೇ ಕೇಳಿ ಅಂದೆ. "ಹಾಗೆ ಕೇಳೋದು ಚೆನ್ನಾಗಿರಲ್ಲ ನೋಡು" ಅಂದ. ಕೀ ಲೆಕ್ಕ ಕೇಳುವುದು ಮಾತ್ರ ಬಹಳ ಚೆನ್ನಾಗಿತ್ತು.

ನಮ್ಮ ಮನೆಗೆ ನಾನು ಬರೆದದ್ದು ಇಬ್ಬರು. ಅಷ್ಟು ಎಣಿಸುವಷ್ಟು ಓದಿದ್ದೇನೆ: ಅಮ್ಮ ಒಂದು, ನಾನು ಎರಡು. ಮೇಲೆ ಕೂತ ನಮ್ಮ ಮಾಲೀಕರು, ಮಹಡಿ ಮಾವ, ಬರೆದದ್ದು ಮೂವರು. ಎರಡೂ ತಾಳೆಯಾಗಲಿಲ್ಲ ಎಂದು ಗುರುವಾರ ವಾರ್ಡ್ ಕಚೇರಿಯಿಂದ ಒಬ್ಬರು ಮೇಡಂ ಬಂದರು. ಕಾಲಿಗೆ ಹೊಸ ಚಪ್ಪಲಿ ಕಚ್ಚಿ ಕುಂಟುತ್ತಿದ್ದರು, ಪಾಪ, ಬೀದಿಯೆಲ್ಲ ಸುತ್ತಿ ಕೊನೆಗೆ ನಮ್ಮಲ್ಲಿಗೆ ಬಂದಿದ್ದರು. ಮೂರನೆಯವರು ಯಾರು ಎಂದು ಕೇಳಿದರೆ, ಮಹಡಿ ಮಾವ ಮೆಟ್ಟಿಲ ಮೇಲೆ ನಿಂತು ಸಾಕ್ಷಿ ಹೇಳುವವರ ಹಾಗೆ ಹೇಳಿದರು: "ಹುಡುಗ ಇದ್ದಾನೆ ಮೇಡಂ. ಅವನ ಅಂಗಿ ಪ್ರತಿ ಭಾನುವಾರ ತಂತಿ ಮೇಲೆ ಒಣಗುತ್ತೆ. ನೈಟ್ ಡ್ಯೂಟಿ ಇರ್ಬೇಕು, ಮುಖ ಕಾಣಲ್ಲ ಅಷ್ಟೇ."

ಆ ನೀಲಿ ಚೌಕಳಿ ಅಂಗಿ, ಅಣ್ಣಾ. ನೀನು ಹೊರಡುವಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಬಿಟ್ಟು ಹೋದದ್ದು. ಅಮ್ಮ ಅದನ್ನು ವಾರ ವಾರ ಒಗೆಯುತ್ತಾಳೆ. ಯಾರೂ ತೊಡದ ಅಂಗಿ ಯಾಕೆ ಮಾಸುತ್ತದೆ ಎಂದರೆ, "ಧೂಳು ಕೂರಲ್ವೇನೇ" ಅನ್ನುತ್ತಾಳೆ. ಮಹಡಿ ಮಾವ ಎರಡು ವರ್ಷದಿಂದ ನೀನು ಹಗಲೆಲ್ಲ ಒಳಗೆ ಮಲಗಿರುತ್ತೀ ಎಂದು ತಿಳಿದು, ನಿನ್ನ ನಿದ್ದೆ ಕೆಡಬಾರದೆಂದು ರೇಡಿಯೋ ಸಣ್ಣಗೆ ಇಟ್ಟುಕೊಳ್ಳುತ್ತಿದ್ದರಂತೆ. ಮಗ ಹೇಗಿದ್ದಾನೆ ಎಂದು ಅಮ್ಮನನ್ನು ಕೇಳಿದಾಗಲೆಲ್ಲ ಅಮ್ಮ "ಚೆನ್ನಾಗಿದ್ದಾನೆ" ಎಂದಿದ್ದಾಳೆ. ಅದು ಸುಳ್ಳೂ ಅಲ್ಲ. ಎಲ್ಲಿದ್ದಾನೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಇಂಥವರ ನಡುವೆ ನಾನು ಬದುಕುತ್ತಿದ್ದೇನೆ.

ಮೇಡಂ ನನ್ನ ಕಡೆ ತಿರುಗಿದರು. ಅವನಿಲ್ಲಿಲ್ಲ, ಬೇರೆ ಊರಿನ ಗೋದಾಮಿನಲ್ಲಿದ್ದಾನೆ, ಆರು ತಿಂಗಳು ಅಂತ ಹೇಳಿ ಹೋದವನು ಇನ್ನೂ ಬಂದಿಲ್ಲ ಅಂದೆ. ಆಗ ಶುರುವಾಯಿತು ನಿಜವಾದ ತಾಪತ್ರಯ. ಅಪ್ಪ ಹೋದ ಮೇಲೆ ಬಾಡಿಗೆ ಕರಾರು ನಿನ್ನ ಹೆಸರಿಗೆ ಆಯಿತಲ್ಲ, ಹೊಸ ನಿಯಮದಲ್ಲಿ ಕರಾರು ಯಾರ ಹೆಸರಿನಲ್ಲಿದೆಯೋ ಅವರು ಆ ಮನೆಯಲ್ಲೇ ಇರಬೇಕು. ಇಲ್ಲದಿದ್ದರೆ ಕರಾರು ರದ್ದು, ಮನೆ ಖಾಲಿ ಎಂದು ಬರೆದುಕೊಳ್ಳುತ್ತಾರೆ. ಅಮ್ಮ ಒಳಗೆ ಸಾರು ಕುದಿಸುತ್ತಿರುತ್ತಾಳೆ, ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಮನೆ ಖಾಲಿ. ಆಮೇಲೆ ಅದನ್ನು ಮನೆಗಾಗಿ ನಗರಸಭೆಯ ಸರದಿಯಲ್ಲಿ ಕಾದಿರುವ ಬೇರೆಯವರಿಗೆ ಕೊಡಬೇಕು, ಮಹಡಿ ಮಾವ ಬೇಡವೆಂದರೂ ನಡೆಯುವುದಿಲ್ಲ.

ಮೇಡಂ ಒಳ್ಳೆಯವರು. "ಕೆಲಸದ ಮೇಲೆ ಹೋಗಿದ್ದಾರೆ ಅಂತ ಬರ್ಕೋಬಹುದಮ್ಮ, ವಾಪಸ್ ಬರೋ ತಾರೀಖು ಹೇಳಿ ಸಾಕು" ಅಂದರು. ಅಮ್ಮ "ಬರ್ತಾನೆ" ಅಂದಳು. ಯಾವತ್ತು ಎಂದು ಕೇಳಿದರು. "ಬರ್ತಾನೆ ಅಂದ್ನಲ್ಲ ಮೇಡಂ." ಮೇಡಂ ತಾರೀಖಿನ ಜಾಗಕ್ಕೆ ಒಂದು ಗೆರೆ ಎಳೆದರು. ಹಾಗಾದರೆ ಅವರು ಇಲ್ಲಿ ವಾಸವಿಲ್ಲ ಅಂತ ಅವರಿಂದಲೇ ಬರೆಸಿ ತನ್ನಿ, ಕರಾರು ನಿಮ್ಮ ಹೆಸರಿಗೆ ಮಾಡಿಕೊಡ್ತೀವಿ, ಮನೆ ಉಳಿಯುತ್ತೆ ಅಂದರು. ಅಮ್ಮ ಎದ್ದು ಒಳಗೆ ಹೋಗಿಬಿಟ್ಟಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮೇಡಂ ಹೋದ ಮೇಲೆ ನಾನೇ ಕಳ್ಳಿ. ಮಹಡಿ ಮಾವ, "ಏನಮ್ಮಾ ಬೀಗದ ರಾಣಿ, ಮೂವರು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದರು. ಅಮ್ಮ ಸಂಜೆ ಪಾತ್ರೆ ಕುಕ್ಕುತ್ತ, "ಅವನಿಲ್ಲ ಅಂತ ಪರರ ಮುಂದೆ ಬಾಯಿಬಿಟ್ಟು ಹೇಳ್ದೆಯಲ್ಲೇ" ಅಂದಳು. ಇದ್ದಾನೆ ಅಂದರೆ ತೋರ್ಸು ಅಂದೆ. ಅವಳು ಬಾಗಿಲ ಹಿಂದಿನ ಮೊಳೆ ತೋರಿಸಿದಳು. ಇಂಥವಳಿಗೆ ಏನು ಹೇಳುವುದು? ಹೋದ ವರ್ಷ ಮುಂಬಾಗಿಲ ಬೀಗ ಕೆಟ್ಟಾಗಲೂ ಹೀಗೇ. ಹೊಸದು ಹಾಕಲು ಬಿಡಲಿಲ್ಲ. ನಿನ್ನ ಜೇಬಿನಲ್ಲಿರುವ ಕೀಗೇ ಹೊಂದಬೇಕೆಂದು ಹಠ. ಒಳಗಿನದನ್ನೆಲ್ಲ ಬಿಚ್ಚಿ ಅದನ್ನೇ ಸರಿಮಾಡಿದೆ, ಅಂಗಡಿಯ ಯಜಮಾನ ಇಡೀ ದಿನ ಗೊಣಗಿದ.

ಅಣ್ಣಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಲು ಕೂತೆ. ಇದೆ. ಹೋಗಿದ್ದಕ್ಕಲ್ಲ. ದುಡಿಯಲು ಹೋಗುವವರು ಹೋಗುತ್ತಾರೆ, ಅಲ್ಲೇ ನೆಲೆಯಾಗುವವರು ಆಗುತ್ತಾರೆ. ಬರುತ್ತೇನೆ ಅನ್ನುವುದೂ ಇಲ್ಲ, ಬರುವುದಿಲ್ಲ ಅನ್ನುವುದೂ ಇಲ್ಲ, ಅದಕ್ಕೆ. ನೀನು ಹೇಳದ ಮಾತನ್ನು ನಗರಸಭೆಯ ಮುಂದೆ ನಾನು ಹೇಳಬೇಕಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಹಡಿ ಮಾವ ನಿನಗೆ ಒಳ್ಳೆಯದಾಗಲಿ ಎಂದಿದ್ದಾರೆ, ಅವರ ರೇಡಿಯೋ ಈಗ ಬೀದಿಗೆಲ್ಲ ಕೇಳುತ್ತದೆ. ಅಮ್ಮನ ಆಶೀರ್ವಾದ ಈ ಹಾಳೆಯಲ್ಲಿ ಹಿಡಿಸುವಂಥದ್ದಲ್ಲ, ನೀನೇ ಅಂದಾಜು ಮಾಡಿಕೋ.

ನೀನೇ ಹೆಸರಿಟ್ಟ,
ಮೆಣಸಿನಕಾಯಿ

ಮರೆಯುವ ಮುನ್ನ: ಲಕೋಟೆಯಲ್ಲಿ ಇನ್ನೆರಡು ಹಾಳೆಗಳಿವೆ. ಒಂದರಲ್ಲಿ ನೀನು ಇಲ್ಲಿ ವಾಸವಿಲ್ಲ, ಕರಾರು ಅಮ್ಮನ ಹೆಸರಿಗಾಗಲಿ ಎಂದಿದೆ. ಇನ್ನೊಂದರಲ್ಲಿ ನೀನು ವಾಪಸ್ ಬರುವ ತಾರೀಖಿಗೆ ಜಾಗ ಬಿಟ್ಟಿದೆ. ಯಾವುದಾದರೂ ಒಂದಕ್ಕೆ ಸಹಿ ಹಾಕಿ ಕಳಿಸು, ತಿಂಗಳ ಕೊನೆಯೊಳಗೆ ಕಚೇರಿಗೆ ಮುಟ್ಟದಿದ್ದರೆ ಮನೆ ಹೋಗುತ್ತದೆ. ಅಮ್ಮನಿಗೆ ಹೇಳಿಯೇ ಎರಡನ್ನೂ ಇಟ್ಟಿದ್ದೇನೆ. ಅವಳು ಮೊದಲನೆಯದನ್ನು ಹೊರಗೆ ತೆಗೆದಳು, ನಾನು ಮತ್ತೆ ಇಟ್ಟೆ. ಬರುವ ಮನಸ್ಸಿಲ್ಲದಿದ್ದರೆ ಅವಳ ಸಮಾಧಾನಕ್ಕೆಂದು ತಾರೀಖು ಬರೆಯಬೇಡ. ಆ ದಿನ ಅವಳು ಬಾಗಿಲಲ್ಲಿ ನಿಲ್ಲುತ್ತಾಳೆ, ನಾನೂ ಜೊತೆಗೆ ನಿಲ್ಲಬೇಕಾಗುತ್ತದೆ. ಅವಳ ಮಣಿಕಟ್ಟು ಊದಿರುವುದರಿಂದ ಇವತ್ತು ನಿನ್ನ ಅಂಗಿಯನ್ನು ನಾನೇ ಒಗೆದು ತಂತಿಗೆ ಹಾಕಿದೆ. ಮಹಡಿ ಮಾವ ಮೇಲಿನಿಂದ ಬಗ್ಗಿ, "ಈಗ ಎಷ್ಟು ಜನಮ್ಮಾ?" ಅಂದರು. ಇಬ್ಬರೇ ಮಾವ, ತಂತಿ ಮೇಲಿರೋದು ಒದ್ದೆ ಅಂಗಿ ಅಷ್ಟೇ, ಅಂದೆ.