ಮಂಡಕ್ಕಿಯನ್ನು ಕಳಿಸುತ್ತಿದ್ದೇನೆ

ಚಿಕ್ಕಜಾಜೂರು,
ಶನಿವಾರ ಮಧ್ಯಾಹ್ನ

ನನ್ನ ದೇವಿಗೆ,

ನಿನ್ನ ಅವ್ವ ಬರೆಯುತ್ತಿದ್ದೇನೆ. ಮೊದಲು ದೇವಿಕಾ ಅಂತ ಪೂರ್ತಿ ಹೆಸರು ಬರೆದೆ. ಅಂಗನವಾಡಿಯಲ್ಲಿ ಹಾಜರಿ ಕೂಗಿದ ಹಾಗೆ ಕಂಡಿತು, ಹೊಡೆದುಹಾಕಿದೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ನಿನ್ನ ಜೊತೆ ಮಾತಾಡುವುದಿಲ್ಲ ಎಂದು ನಿಮ್ಮ ದೊಡ್ಡಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಬರೆಯುವುದಿಲ್ಲ ಎಂದು ಮಾಡಿಸಿಕೊಂಡಿಲ್ಲ. ಅಷ್ಟು ಬುದ್ಧಿ ಅವರಿಗೆ ಹೊಳೆಯಲಿಲ್ಲ, ನಾನೂ ನೆನಪಿಸಲಿಲ್ಲ.

ಹೋದ ಭಾನುವಾರ ನಿನ್ನ ಗೆಳತಿ ಮಾಹೀರಾ ಬಂದಿದ್ದಳು. ನಾಯಿ ಕಂಡರೆ ಕುರ್ಚಿ ಹತ್ತುವ ಹುಡುಗಿ, ಜಗುಲಿಯ ಮೇಲೆ ಕಾಲು ಮಡಚಿ ಕೂತುಕೊಂಡು, "ಆಂಟಿ, ದೇವಿಕಾ ಹಿರಿಯೂರಲ್ಲಿ ಮನೆ ಮಾಡ್ಯಾಳೆ. ಮಂಡಕ್ಕೀನ ಕಳಿಸ್ತೀರಾ ಅಂತ ಕೇಳ್ಯಾಳೆ" ಎಂದಳು. ನೀನು ಹಿರೇಗುಂಟನೂರಿನ ರಾಮಾಂಜನೇಯನ ಜೊತೆ ಹೋಗಿ ಮದುವೆಯಾದ ಮೇಲೆ ಈ ಮನೆಗೆ ನಿನ್ನಿಂದ ಬಂದ ಮೊದಲ ಮಾತು ಅದು. ಅವ್ವ ಉಂಡಳೋ ಬಿಟ್ಟಳೋ ಕೇಳಲಿಲ್ಲ, ಅಪ್ಪನ ಸುದ್ದಿ ಎತ್ತಲಿಲ್ಲ, ನಾಯಿಮರಿ ಕೇಳಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಆ ಮರಿಯನ್ನು ನೀನು ತಂದ ದಿನ ನೆನಪಿದೆಯಾ? ದುರ್ಗದ ಲ್ಯಾಬಿನ ಕೆಲಸ ಮುಗಿಸಿ ಸಂಜೆ ರೈಲಿನಲ್ಲಿ ಬಂದವಳ ದುಪಟ್ಟಾದೊಳಗೆ ಏನೋ ಮಿಸುಕುತ್ತಿತ್ತು. ಅದರ ತಾಯಿ ಲಾರಿಗೆ ಸಿಕ್ಕಿತ್ತಂತೆ. ಕಣ್ಣು ಬಿಟ್ಟು ಎಷ್ಟು ದಿನವಾಗಿತ್ತೋ ಏನೋ, ಬಿಳಿ ಮೈಗೆ ಅಲ್ಲಲ್ಲಿ ಒಗ್ಗರಣೆಯ ಅರಿಶಿನ ಹತ್ತಿದಂಥ ಬಣ್ಣ. ನೀನೇ ಮಂಡಕ್ಕಿ ಅಂತ ಕರೆದೆ. ನಿಮ್ಮಪ್ಪ, "ಒಂದು ಹೊಟ್ಟೆಗೆ ಹಾಕದು ನಮಗೇನು ಭಾರ ಅಲ್ಲ. ಅದ್ರ ಹೇಲುಚ್ಚೆ ಬಳಿಯೋರ್ಯಾರು?" ಎಂದು ಒಂದೇ ಮಾತು ಕೇಳಿ ಟವೆಲ್ಲು ಕೊಡವಿ ಹೊರಗೆ ಹೋದರು. ಅದಕ್ಕೆ ನೀನು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದೆ. ಸಣ್ಣ ಹೊಟ್ಟೆ, ಒಂದೇ ಸಲ ತುಂಬಬಾರದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ನಿದ್ದೆಯಿಂದ ಎದ್ದ ತಕ್ಷಣ ಹೊರಗೆ, ಉಂಡ ತಕ್ಷಣ ಹೊರಗೆ. ಒಳಗೆ ಮಾಡಿಕೊಂಡರೆ ಹೊಡೆಯಬಾರದು, ಅದಕ್ಕೆ ಯಾಕೆ ಹೊಡೆದರು ಅಂತಲೇ ತಿಳಿಯುವುದಿಲ್ಲ. ಇಪ್ಪತ್ತು ವರ್ಷದಿಂದ ಊರಿನ ಮಕ್ಕಳ ಮೂಗು ಒರೆಸಿದ ಟೀಚರಿಗೆ ನೀನು ಪಾಠ ಹೇಳಿದೆ, ನಾನು ಹೂಂ ಹೂಂ ಅಂದೆ.

ನಾನು ಮರೆಯುತ್ತೇನೆಂದು ನನ್ನ ಫೋನಿನಲ್ಲಿ ಅಲಾರಂ ಬೇರೆ ಇಟ್ಟೆ. ಅದೂ ಸುಮ್ಮನೆ ಟ್ರಿಣ್ ಅನ್ನುವ ಅಲಾರಮ್ಮಲ್ಲ, ನಿನ್ನದೇ ದನಿ. "ಅವ್ವಾ, ಮಂಡಕ್ಕಿ ಉಣ್ಬೇಕಂತೆ! ಅವ್ವಾ, ಮಂಡಕ್ಕಿ ಉಣ್ಬೇಕಂತೆ!" ಎರಡು ವಾರದೊಳಗೆ ಮರಿ ಅದನ್ನು ಕಲಿತುಬಿಟ್ಟಿತು. ಎಲ್ಲಿ ಮಲಗಿದ್ದರೂ ಆ ದನಿ ಬಂದರೆ ಬಾಲ ಅಲ್ಲಾಡಿಸುತ್ತಾ ತಟ್ಟೆಯ ಹತ್ತಿರ ಹಾಜರ್. ನಿಮ್ಮ ಅಜ್ಜಿಗೆ ಕಿವಿ ಮಂದವಾದರೂ ಆ ಕೂಗು ಕೇಳುತ್ತಿತ್ತು. "ಬಂತು ನೋಡು ದೇವಿಯ ಅಪ್ಪಣೆ" ಎಂದು ಕಾಲು ಒಳಗೆಳೆದುಕೊಂಡು ಅದಕ್ಕೆ ದಾರಿ ಬಿಡುತ್ತಿದ್ದರು.

ಆಮೇಲೆ ನೀನು ಹೋದೆ. ಯಾಕೆ ಹೋದೆ ಅಂತ ನಾನು ಕೇಳುವುದಿಲ್ಲ. ನಮ್ಮ ಜನ ಅಲ್ಲದವನನ್ನು ಈ ಮನೆಯ ಬಾಗಿಲಿಗೆ ಕರೆದುಕೊಂಡು ಬಂದಿದ್ದರೆ ಏನಾಗುತ್ತಿತ್ತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಹೇಳದೆ ಹೋದೆಯಲ್ಲ, ಅದೊಂದು ನೋವು. ಆದರೆ ಹೇಳಿದ್ದರೆ ನಾನು ಕಾಲು ಹಿಡಿದು ತಡೆಯುತ್ತಿದ್ದೆ. ಅದೂ ನಿನಗೆ ಗೊತ್ತಿತ್ತು.

ನೀನು ಹೋದ ಮೇಲೆ ಮನೆಯಲ್ಲಿ ನಿನ್ನ ಹೆಸರು ಎತ್ತಬಾರದು ಎಂದಾಯಿತು. ಬಟ್ಟೆ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು, ಗೋಡೆಯ ಫೋಟೋ ಇಳಿಸಿದರು. ಮರಿಯನ್ನು ಏನು ಮಾಡುವುದು? ಅದು ಅಟ್ಟ ಹತ್ತುವುದಿಲ್ಲ. ಅದಕ್ಕೆ ಹೊತ್ತು ಹೊತ್ತಿಗೆ ಹಸಿವು. ನಾನು ಅಂಗನವಾಡಿಗೆ ಹೋಗುವ ಮೊದಲು ರಾಗಿ ಅಂಬಲಿಗೆ ಹಾಲು ಕಲಸಿ ಇಡಬೇಕು, ನಡುವೆ ಓಡಿಬಂದು ಅನ್ನ ಹಾಕಬೇಕು. ನಾನಿಲ್ಲದಾಗ ಅಜ್ಜಿ ಕೋಲು ಹಿಡಿದು ದೇವರ ಗೂಡಿನ ಮುಂದೆ ಕಾವಲು. ಮೊದಲ ವಾರ ಅದು ಸರಿಯಾಗಿ ತಿನ್ನಲೇ ಇಲ್ಲ. ಅಲಾರಂ ಕೂಗಿದರೆ ಓಡಿಬರುವುದು, ತಟ್ಟೆ ಮೂಸುವುದು, ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡುವುದು, ತಿರುಗಿ ಹೋಗಿ ನಿನ್ನ ಚಪ್ಪಲಿಯ ಮೇಲೆ ಮಲಗುವುದು. ಚಪ್ಪಲಿ ಎತ್ತಿಡಲು ನನಗೆ ಮನಸ್ಸು ಬರಲಿಲ್ಲ. ಅಲಾರಂ ತೆಗೆಯಲೂ ಬರಲಿಲ್ಲ. ನಿಮ್ಮಪ್ಪ ಮನೆಯಲ್ಲಿದ್ದರೆ ಮಾತ್ರ ಮೊದಲೇ ಬಾಯಿ ಮುಚ್ಚಿಸುತ್ತಿದ್ದೆ.

ಈಗ ಹೇಳುವ ವಿಷಯ ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳು. ದೊಡ್ಡಪ್ಪ ನಿನಗೆ ಎಳ್ಳುನೀರು ಬಿಡಿಸಿದರು. ಬದುಕಿರುವ ಮಗಳಿಗೆ. ಅವರಿಗೂ ಇಬ್ಬರು ಹೆಣ್ಣುಮಕ್ಕಳು ಮದುವೆಗೆ ಇದ್ದಾರೆ. "ನಾಳೆ ನನ್ ಮಕ್ಳನ್ನ ನೋಡಾಕೆ ಬಂದೋರು ನಿಮ್ಮ ಹುಡುಗಿ ಓಡೋಗೈತಂತಲ್ಲ ಅಂದ್ರೆ, ಸತ್ತೋದ್ಲು, ನೀರು ಬಿಟ್ಟೀವಿ ಅಂತ ಹೇಳಾಕಾದ್ರೂ ಬೇಕಲ್ಲೋ ತಮ್ಮ" ಎಂದು ನಿಮ್ಮಪ್ಪನ ಮುಂದೆ ಕಣ್ಣಲ್ಲಿ ನೀರು ಹಾಕಿದರು. ನಿಮ್ಮಪ್ಪ ಅಣ್ಣನ ಮಾತಿಗೆ ಎಂದೂ ಎದುರಾಡಿದವರಲ್ಲ. ಹೂಂ ಎಂದು ತಲೆ ಆಡಿಸಿದರು.

ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ವಾಡಿಕೆ ತಾನೇ. ಯಾರು ಮಾಡಬೇಕು? ನಾನೇ. ಕಡಲೆಬೇಳೆ ಪಾಯಸ, ಆಲೂಗಡ್ಡೆ ಬೋಂಡ, ಮಾವಿನಕಾಯಿ ಚಿತ್ರಾನ್ನ ಮಾಡಿದೆ. ಪಾಯಸಕ್ಕೆ ನಿನಗೆ ಬೇಕಾದಷ್ಟು ಬೆಲ್ಲ ಹಾಕಿದೆ. ಉಪ್ಪು ನೋಡಲು ಕೈ ಬರಲಿಲ್ಲ. ಹಿತ್ತಲಿನಲ್ಲಿ ನಿಮ್ಮಪ್ಪ ಒದ್ದೆ ಪಂಚೆಯಲ್ಲಿ ಕೂತು, ದೊಡ್ಡಪ್ಪ ಹೇಳಿಕೊಟ್ಟ ಹಾಗೆ ಎಳ್ಳು ಹಾಕಿ ನೀರು ಬಿಟ್ಟರು. ಬಾಳೆಲೆಯ ಮೇಲೆ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತೆವು, ಕಾಗೆ ಬಂದು ಮುಟ್ಟಬೇಕಲ್ಲ. ಬೇವಿನ ಮರದಲ್ಲಿ ಎರಡು ಕಾಗೆ ಕೂತಿದ್ದವು, ಇಳಿಯಲಿಲ್ಲ. ಮರಿಯನ್ನು ನಾನು ಹಳೆ ಸೀರೆಯ ಚೂರಿನಿಂದ ಸೀಬೆ ಗಿಡಕ್ಕೆ ಕಟ್ಟಿದ್ದೆ. ಕುತ್ತಿಗೆ ನೊಂದೀತೆಂದು ಸಡಿಲ ಕಟ್ಟಿದ್ದೆ.

ಆಗ ಅಡುಗೆಮನೆಯ ಕಿಟಕಿಯಿಂದ ನೀನು ಕೂಗಿದೆ. "ಅವ್ವಾ, ಮಂಡಕ್ಕಿ ಉಣ್ಬೇಕಂತೆ!"

ಆವತ್ತಿನ ಗಡಿಬಿಡಿಯಲ್ಲಿ ಅಲಾರಮ್ಮಿನ ಬಾಯಿ ಮುಚ್ಚಿಸಲು ಮರೆತಿದ್ದೆ. ನಿಮ್ಮ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನಿಮ್ಮಪ್ಪ ಗಬಕ್ಕನೆ ಕಿಟಕಿಯ ಕಡೆ ತಿರುಗಿದರು. ಅವರ ಮುಖ ನಾನು ನೋಡಿದೆ ದೇವಿ. ನೀನೇ ಬಂದೆ ಅಂತಲೇ ತಿಳಿದ ಮುಖ ಅದು. ಅಷ್ಟರಲ್ಲಿ ಮರಿ ಸೀರೆಯ ಕುಣಿಕೆಯಿಂದ ತಲೆ ನುಸುಳಿಸಿಕೊಂಡು ಓಡಿಬಂತು. ಅಲಾರಂ ಕೂಗಿದೆ, ಎದುರಿಗೆ ಎಲೆ ಹಾಕಿದೆ, ಅದಕ್ಕೆ ಇನ್ನೇನು ಬೇಕು? ನೀನು ಹೋದ ಮೇಲೆ ಹೊಟ್ಟೆ ತುಂಬ ತಿನ್ನದ ಮರಿ ನಿನ್ನ ಎಡೆಗೆ ಬಾಯಿ ಹಾಕಿ ಪಾಯಸವೆಲ್ಲ ನೆಕ್ಕಿಬಿಟ್ಟಿತು. ಬೋಂಡ ಕಚ್ಚಿಕೊಂಡು ಅಲ್ಲೇ ಕೂತು ತಿಂದಿತು.

ದೊಡ್ಡಪ್ಪ ಕಲ್ಲು ಎತ್ತಿದರು. ನಿಮ್ಮಪ್ಪ ಹೋಗಿ ಅವರ ಕೈ ಹಿಡಿದರು. "ಬಿಡಣ್ಣ. ಹಸ್ದಿತ್ತು, ಉಣ್ತು" ಎಂದರು. ಅಷ್ಟೇ ಅವರು ಆಡಿದ್ದು. ಅಜ್ಜಿ ಬಾಗಿಲಲ್ಲಿ ಕೂತವರು, "ನಾಯಿ ಬಾಯಾಕಿದ ಎಡೆ ಸತ್ತೋರಿಗೆ ಮುಟ್ಟಂಗಿಲ್ಲ ಕಣ್ರೋ" ಎಂದರು. ಹಾಗಾದರೆ ಇನ್ನೊಂದು ದಿನ ಹೊಸದಾಗಿ ಮಾಡೋಣ ಎಂದು ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಈ ಮನೆಗೆ ಬಂದ ಮೇಲೆ ಅವರ ಎದುರು ತಲೆ ಎತ್ತಿದವಳಲ್ಲ. "ಭಾವ, ಒಂದ್ಸಲ ಮಾಡೀನಿ. ಇನ್ನೊಂದ್ಸಲ ಈ ಅಡುಗೆಗೆ ನಾನು ಒಲೆ ಹಚ್ಚಲ್ಲ. ಹಚ್ಚಬೇಕಂದ್ರೆ ನನಗೂ ಸೇರಿಸಿ ನೀರು ಬಿಟ್ಬಿಡ್ರಿ" ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಆವತ್ತಿನಿಂದ ನಮ್ಮ ಮನೆಯ ನೀರು ಕುಡಿದಿಲ್ಲ.

ಅಷ್ಟು ಸಿಹಿ ತಿಂದ ಮರಿಗೆ ಸಂಜೆಯ ಹೊತ್ತಿಗೆ ವಾಂತಿ ಭೇದಿ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಬಟ್ಟೆ ಚೂರಿನ ಹಾಗೆ ಬಿದ್ದಿತ್ತು. ರೈಲ್ವೆ ಗ್ಯಾಂಗಿನ ಕೆಲಸಕ್ಕೆ ಜ್ವರ ಬಂದರೂ ರಜೆ ಹಾಕದ ನಿಮ್ಮಪ್ಪ ಆವತ್ತು ರಜೆ ಹಾಕಿದರು. ನಾನು ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೈಕಿನ ಹಿಂದೆ ಕೂತೆ, ಹೊಳಲ್ಕೆರೆಯ ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಸೂಜಿ ಚುಚ್ಚುತ್ತಾ, "ಯಾರ್ದಪ್ಪ ಮರಿ, ನಿಮ್ದಾ?" ಎಂದರು. ನಿಮ್ಮಪ್ಪ, "ನಮ್ಮುಡುಗೀದು ಸಾರ್" ಎಂದರು. ಅವರ ಬಾಯಲ್ಲಿ ಆ ಮಾತು ಬಂದದ್ದು ಅವರಿಗೇ ಆಮೇಲೆ ಗೊತ್ತಾಯಿತು ಅಂತ ಕಾಣುತ್ತದೆ. ಊರು ಮುಟ್ಟುವ ತನಕ ಬೈಕಿನ ಕನ್ನಡಿಯಲ್ಲಿ ನನ್ನ ಕಡೆ ನೋಡಲಿಲ್ಲ.

ಮರಿ ಉಳಿಯಿತು. ಅದನ್ನು ಉಳಿಸಿದ್ದು ನಾನು ಅಂತ ಜಂಬ ಕೊಚ್ಚಿಕೊಳ್ಳುವುದಿಲ್ಲ, ನಿಮ್ಮಪ್ಪನೇ. ಗಂಜಿಯ ನೀರನ್ನು ಬೆರಳಲ್ಲಿ ಅದ್ದಿ ಅದ್ದಿ ನೆಕ್ಕಿಸಿದರು. ಮೊದಲು ಏಯ್ ಅನ್ನುತ್ತಿದ್ದವರು ಈಗ "ಲೇ ಮಂಡಕ್ಯಾ" ಅನ್ನುತ್ತಾರೆ. ಹೇಲುಚ್ಚೆ ಬಳಿಯೋರ್ಯಾರು ಎಂದು ಕೇಳಿದ್ದರಲ್ಲ, ಈಗ ಅವರೇ ಬಳಿಯುತ್ತಾರೆ, ನಾನು ಹೋದರೆ "ನಿನಗೆ ಹೊತ್ತಾಗ್ತತಿ, ಹೋಗು" ಎಂದು ಅಟ್ಟುತ್ತಾರೆ. ನಿನ್ನ ಹೆಸರು ಮಾತ್ರ ಇಲ್ಲ. ಆದರೆ ಭಾನುವಾರ ಅಲಾರಂ ಕೂಗುವ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಅಡುಗೆಮನೆಗೆ ಬರುತ್ತಾರೆ. ನಾನು ಅದರ ಬಾಯಿ ಮುಚ್ಚಿಸುವುದನ್ನು ಬಿಟ್ಟಿದ್ದೇನೆ.

ಹೀಗಿರುವಾಗ ನೀನು ಮರಿ ಕೇಳಿ ಕಳಿಸಿದೆ. ಕೊಡುವುದಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಈ ಮನೆಯಲ್ಲಿ ನಿನ್ನದು ಅಂತ ಉಳಿದಿರುವ ಜೀವ ಅದೊಂದೇ. ಅದು ಹೋದರೆ ನಿಮ್ಮಪ್ಪನ ಬಾಯಲ್ಲಿ ನಮ್ಮುಡುಗಿ ಅನ್ನುವ ಮಾತು ಬರುವುದಕ್ಕೆ ಕಾರಣವೇ ಇರುವುದಿಲ್ಲ. ಮಾಹೀರಾಗೆ ಏನಾದರೂ ಸುಳ್ಳು ಹೇಳಿ ಕಳಿಸೋಣ ಅಂದುಕೊಂಡೆ. ಆದರೆ ನಿಮ್ಮಪ್ಪನಿಂದ ಮುಚ್ಚಿಡಲು ನನಗೆ ಆಗಲಿಲ್ಲ. ಮೊನ್ನೆ ಉಣ್ಣಲು ಕೂತಾಗ ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ಕೂತರು.

"ಬಂದು ತಗಂಡೋಗು ಅಂತ ಹೇಳ್ಲೇನ್ರಿ?" ಎಂದು ಕೇಳಿಯೇಬಿಟ್ಟೆ. ಅವರು, "ಬ್ಯಾಡ. ನಮ್ಮಣ್ಣ ಸುಮ್ಕಿರಲ್ಲ. ನನಗೂ ಇನ್ನ ಅವಳ ಮಕ ನೋಡಾ ಧೈರ್ಯ ಇಲ್ಲ" ಎಂದರು. ಆಮೇಲೆ ತಮ್ಮ ಕಾಲ ಮೇಲೆ ತಲೆಯಿಟ್ಟು ಮಲಗಿದ್ದ ಮರಿಯನ್ನು ನೋಡಿ, "ಅವಳಂತೂ ಬರಂಗಿಲ್ಲ. ಇದಾದ್ರೂ ಹೋಗ್ಲಿ ಕಳ್ಸು" ಎಂದು ಕೈ ತೊಳೆದರು.

ಹಾಗಾಗಿ ನಾಳೆ ಮಾಹೀರಾಳ ಜೊತೆ ಕಳಿಸುತ್ತಿದ್ದೇನೆ. ಈ ಕಾಗದ ಬುಟ್ಟಿಯ ತಳದಲ್ಲಿ ಇರುತ್ತದೆ. ಹುಡುಗಿ ಹೆದರಿಕೊಂಡಾಳು, ಬಸ್‌ಸ್ಟ್ಯಾಂಡಿಗೆ ಬಂದು ನೀನೇ ಇಳಿಸಿಕೊಳ್ಳಬೇಕು ಅಂತ ಅವಳ ಕೈಲೇ ನಿನಗೆ ಫೋನು ಮಾಡಿಸಿದ್ದೇನೆ. ಒಂದು ಮಾತು ತಿಳಿದಿರಲಿ. ನೀನು ಬಿಟ್ಟುಹೋದ ಮರಿ ಇದಲ್ಲ. ನಿನ್ನ ಹೊತ್ತು ಮರೆತು ಈ ಮನೆಯ ಹೊತ್ತು ಕಲಿತಿದೆ. ಈಗ ದಿನಕ್ಕೆ ಮೂರೇ ಊಟ ಸಾಕು. ಮೊಸರನ್ನ ಅಂದರೆ ಪ್ರಾಣ. ತಟ್ಟೆ ಇಟ್ಟು ನಿಂತು ನೋಡಿದರೆ ತಿನ್ನುವುದಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಕೂರಬೇಕು, ನಿಮ್ಮಪ್ಪ ಹಾಗೆ ಅಭ್ಯಾಸ ಮಾಡಿಸಿದ್ದಾರೆ. ಕತ್ತಲಿರುವಾಗಲೇ ಎದ್ದು ಬಾಗಿಲು ಕೆರೆಯುತ್ತದೆ. ಹೊರಗೆ ಬಿಟ್ಟರೆ ಕೂಡಲೇ ಉಚ್ಚೆ ಹೊಯ್ಯುವುದಿಲ್ಲ, ಕೆಮ್ಮುತ್ತಾ ಬೀಡಿ ಹಚ್ಚುವವರು ಯಾರಾದರೂ ಜೊತೆಗೆ ಬಂದರಾ ಅಂತ ತಿರುಗಿ ನೋಡುತ್ತದೆ. ಸ್ವಲ್ಪ ಹೊತ್ತು ಕಾದರೆ ಹೊಯ್ಯುತ್ತದೆ.

ಸಂಜೆ ಬಿಸಿಲು ಇಳಿಯುವಾಗ ಏನು ಕೊಟ್ಟರೂ ಮುಟ್ಟುವುದಿಲ್ಲ. ಹೊಸ್ತಿಲಿಗೆ ಗದ್ದ ಇಟ್ಟುಕೊಂಡು ರಸ್ತೆ ನೋಡುತ್ತಾ ಕುಂಯ್ ಕುಂಯ್ ಅನ್ನುತ್ತದೆ. ಹುಷಾರಿಲ್ಲವೇನೋ ಅಂತ ಗಾಬರಿಯಾಗಬೇಡ, ಹೊಸ ಮನೆ ಹೊಂದಲಿಲ್ಲ ಅಂತ ಬೈಯಬೇಡ. ಅದು ನಿಮ್ಮಪ್ಪ ಲೈನಿನ ಕೆಲಸ ಮುಗಿಸಿ ಬರುವ ಹೊತ್ತು. ನಿನಗೆ ಬಿಡುವಿದ್ದರೆ ನೀನೂ ಅದರ ಪಕ್ಕ ಒಂದು ಗಳಿಗೆ ಕೂತುಕೋ.

ಮಡಿಲು ತುಂಬಿ ಕಳಿಸಬೇಕಾದ ಮಗಳಿಗೆ ನಾಯಿಮರಿ ಕಳಿಸುತ್ತಿರುವ ತಾಯಿ ನಾನು. ನಿನ್ನ ಹೊಟ್ಟೆ ತಣ್ಣಗಿರಲಿ, ರಾಮಾಂಜನೇಯ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ನನ್ನ ಆಯುಸ್ಸಿನಲ್ಲಿ ಒಂದು ಪಾಲು ನಿನಗಿರಲಿ, ಕಂದಾ.

ಹೋಗಿ ಬಾ ಅನ್ನುವ ಭಾಗ್ಯ ಸಿಗದ,
ನಿನ್ನ ಅವ್ವ
ಏಕಾಂತಮ್ಮ